ವೃಷಭಾವತಿಯ ದಂಡೆ ಯಾರ ಸ್ವತ್ತು?

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಒಂದು ನದಿ ಹರಿಯುತ್ತಿದೆ ಎಂದರೆ ಮಲೆನಾಡಿನ ಅನೇಕರು ನಂಬಲಾರರು. ಅಷ್ಟೇಕೆ, ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಕ್ಕಳಿಗೂ ಅದು ತಿಳಿದಿಲ್ಲ. ಅವರ ಪಾಲಿಗೆ ಅದೊಂದು ದೊಡ್ಡ ಮೋರಿ. ಸರ್ಕಾರಿ ಕಡತಗಳಲ್ಲಿ ರಾಜಕಾಲುವೆ. ಅದರ ಹೆಸರು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವನ ಪಾದದಡಿ ಈ ನದಿ ಹುಟ್ಟುತ್ತದೆ ಎಂಬುದು ತಲೆಮಾರುಗಳ ನಂಬಿಕೆ. ಮಲ್ಲೇಶ್ವರ, ರಾಜಾಜಿನಗರಗಳ ಕಡೆಯಿಂದ ಇಳಿಯುವ ಕವಲುಗಳನ್ನೂ ಕೂಡಿಕೊಂಡು ಅದು ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನದ ಬಳಿ ಹಾಯ್ದು, ನಾಯಂಡಹಳ್ಳಿ, ಕೆಂಗೇರಿಗಳನ್ನು ದಾಟಿ, ಬಿಡದಿ ಸಮೀಪದ ಬೈರಮಂಗಲ ಜಲಾಶಯವನ್ನು ತುಂಬಿ, ಮುಂದೆ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಮಹಾನಗರದ ಸುಮಾರು ಮೂರನೆಯ ಒಂದು ಭಾಗದ ನೀರು ಇಳಿದು ಬರುವುದು ಈ ಕಣಿವೆಗೇ.

ಈ ನದಿಯ ವಿಷಯದಲ್ಲಿ ಒಂದು ಸಣ್ಣ ಪ್ರಶ್ನೆಯನ್ನು ಕೇಳಬೇಕಾಗಿದೆ. ವಯಸ್ಸಾದ ಅಜ್ಜಿಯೊಬ್ಬಳು ಮೊಮ್ಮಗುವಿನ ಕೈಹಿಡಿದು, ಮರಗಳ ನೆರಳಿನಲ್ಲಿ, ಹೊಳೆಯ ಒಂದು ದಂಡೆಯಿಂದ ಹೊರಟು, ಸೇತುವೆ ದಾಟಿ, ಇನ್ನೊಂದು ದಂಡೆಯಿಂದ ಹೊರಟಲ್ಲಿಗೇ ಮರಳಿ ಬರಲು ಸಾಧ್ಯವೇ? ಮೂಗು ಮುಚ್ಚಿಕೊಳ್ಳದೆ, ವಾಹನಗಳಿಗೆ ಹೆದರದೆ, ಟಿಕೆಟು ಕೊಳ್ಳದೆ ಒಂದು ತಾಸು ನಡೆಯಲು ಸಾಧ್ಯವೇ? ಇಂದು ಸಾಧ್ಯವಿಲ್ಲ. ಹೊಳೆಯಂಚಿನ ಕಾಡಿನೊಳಗೆ ಸುತ್ತಿ ಬರುವ ಒಂದು ಕಾಲುದಾರಿ ಸಿರಿವಂತರ ಶೋಕಿ ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಒಂದು ನದಿಯ ಆರೋಗ್ಯವನ್ನೂ ಒಂದು ಊರಿನ ನ್ಯಾಯವನ್ನೂ ಒಟ್ಟಿಗೇ ಅಳೆಯಲು ಇದಕ್ಕಿಂತ ಸರಳವಾದ ಅಳತೆಗೋಲು ಬೇರೆ ಸಿಗಲಾರದು.

ದಂಡೆಗೆ ಬೆನ್ನು ಹಾಕಿದ ನಗರ

ಮಲೆನಾಡಿನ ಹಳ್ಳಿಗಳಲ್ಲಿ ಹೊಳೆಯ ದಂಡೆಯ ನಡಿಗೆಗೆ ಪ್ರತ್ಯೇಕ ಹೆಸರಿಲ್ಲ. ಗದ್ದೆಗೆ ಹೋಗುವವರು, ದನ ಹೊಡೆಯುವವರು, ಶಾಲೆಗೆ ಹೋಗುವ ಮಕ್ಕಳು ದಿನವೂ ಅದೇ ದಾರಿಯಲ್ಲಿ ಓಡಾಡುತ್ತಾರೆ. ನೀರು ಕೆಂಪಾದರೆ ಮೇಲ್ಗಡೆ ಎಲ್ಲಿಯೋ ಮಣ್ಣು ಕಡಿದಿದ್ದಾರೆಂದು ಊರಿಗೆ ತಿಳಿಯುತ್ತದೆ. ಮೀನು ಸತ್ತು ತೇಲಿದರೆ ಯಾರೋ ವಿಷ ಹಾಕಿದ್ದಾರೆಂಬ ಸುದ್ದಿ ಸಂಜೆಯೊಳಗೆ ಎಲ್ಲರ ಬಾಯಲ್ಲಿರುತ್ತದೆ. ನಡೆಯುವವರ ಕಣ್ಣೇ ನದಿಯ ಕಾವಲು. ಬೆಂಗಳೂರು ಕಳೆದುಕೊಂಡದ್ದು ಈ ಕಾವಲನ್ನು.

ಅದು ಒಂದೇ ದಿನದಲ್ಲಿ ಆದದ್ದಲ್ಲ. 1894ರಲ್ಲಿ ಹೆಸರಘಟ್ಟದಿಂದ ನಗರಕ್ಕೆ ಕೊಳವೆಯ ನೀರು ಬಂದಿತು. 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಎದ್ದಿತು. ಇವೆರಡೂ ಅರ್ಕಾವತಿಯ ನೀರು. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಬಂದ ಮೇಲೆ ನಗರದ ದೃಷ್ಟಿಯೇ ಬದಲಾಯಿತು. ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ನೀರೆತ್ತುವ ಶಕ್ತಿ ಕೈಗೆ ಬಂದ ಊರಿಗೆ ಮನೆಬಾಗಿಲ ಕೆರೆ, ಹೊಳೆಗಳ ಹಂಗು ತಪ್ಪಿತು. ಹಂಗು ತಪ್ಪಿದ ಮೇಲೆ ಗೌರವವೂ ತಪ್ಪಿತು. ಮಾರೇನಹಳ್ಳಿ ಕೆರೆ, ಕುರುಬರಹಳ್ಳಿ ಕೆರೆಗಳು ಬಡಾವಣೆಗಳಾದವು. ಶಿವನಹಳ್ಳಿ ಕೆರೆ ಆಟದ ಮೈದಾನವೂ ಬಸ್ ನಿಲ್ದಾಣವೂ ಆಯಿತು. ಕೆರೆಗಳನ್ನು ಪೋಣಿಸಿದ್ದ ಹಳ್ಳಗಳು ಕಾಂಕ್ರೀಟಿನ ಗೋಡೆಗಳ ನಡುವೆ ಸಿಕ್ಕಿಕೊಂಡವು. ಮನೆಗಳು ಹೊಳೆಗೆ ಬೆನ್ನು ಮಾಡಿ ಎದ್ದವು. ಹಿತ್ತಲ ಕೊಳವೆಗಳು ಹೊಳೆಗೆ ಬಾಯಿ ತೆರೆದವು.

ಇಂದು ಬೇಸಗೆಯಲ್ಲೂ ವೃಷಭಾವತಿ ತುಂಬಿ ಹರಿಯುತ್ತದೆ. ಹಿಂದೆ ಮಳೆಗಾಲದ ಹೊಳೆಯಾಗಿದ್ದದ್ದು ಈಗ ವರ್ಷವಿಡೀ ಬತ್ತದಿರುವುದಕ್ಕೆ ಕಾರಣ ಕೊಳಚೆ. ಆ ಕೊಳಚೆಯ ಬಹುಪಾಲು ಕಾವೇರಿಯ ನೀರೇ. ಕಾವೇರಿಯಿಂದ ಎತ್ತಿ ತಂದ ನೀರನ್ನು ಒಮ್ಮೆ ಬಳಸಿ, ಹೊಲಸು ಮಾಡಿ, ವೃಷಭಾವತಿ ಮತ್ತು ಅರ್ಕಾವತಿಗಳ ಮೂಲಕ ಸಂಗಮದಲ್ಲಿ ಮತ್ತೆ ಕಾವೇರಿಗೇ ಒಪ್ಪಿಸುವ ಒಂದು ದೊಡ್ಡ ವರ್ತುಲ ಇಲ್ಲಿ ಏರ್ಪಟ್ಟಿದೆ. ಮೈಸೂರು ರಸ್ತೆಯ ಬದಿಯಲ್ಲಿ 1970ರ ದಶಕದಿಂದಲೂ ಕೊಳಚೆ ಸಂಸ್ಕರಣಾ ಘಟಕವಿದೆ. ಆದರೂ ಘಟಕವನ್ನು ತಲುಪದ ಮಲಿನ ನೀರು ಮತ್ತು ಕಾರ್ಖಾನೆಗಳ ತ್ಯಾಜ್ಯ ನೇರವಾಗಿ ಹೊಳೆಗೆ ಬೀಳುತ್ತಲೇ ಇವೆ. ಇದರ ಫಲವನ್ನು ಉಣ್ಣುವವರು ಬೈರಮಂಗಲದ ಸುತ್ತಲಿನ ರೈತರು. ನೊರೆ ಕಟ್ಟಿದ ಆ ನೀರಿನಲ್ಲೇ ಮೇವು, ತರಕಾರಿ ಬೆಳೆಯಬೇಕಾದ ಸ್ಥಿತಿ ಅವರದು. ನಗರದವರು ನಡೆಯಲು ಹೇಸುವ ಹೊಳೆಯಲ್ಲಿ ಅವರು ಕಾಲಿಟ್ಟು ದುಡಿಯುತ್ತಾರೆ.

ಹೊಳೆಯ ಪಕ್ಕದಲ್ಲಿ ಕಾರು

ಮಾಸ್ಟರ್ ಪ್ಲಾನ್ 2015ರ ಪ್ರಕಾರ ಮೊದಲ ದರ್ಜೆಯ ರಾಜಕಾಲುವೆಗೆ 50 ಮೀಟರ್, ಎರಡನೆಯದಕ್ಕೆ 25 ಮೀಟರ್, ಮೂರನೆಯದಕ್ಕೆ 15 ಮೀಟರ್ ಅಂಚನ್ನು ಕಟ್ಟಡವಿಲ್ಲದೆ ಬಿಡಬೇಕಾಗಿತ್ತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಈ ಅಂಚನ್ನು ಇನ್ನಷ್ಟು ಹಿಗ್ಗಿಸಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಹಿಗ್ಗಿಸುವಿಕೆಯನ್ನು ರದ್ದುಪಡಿಸಿತು. ಅಂಕಿಗಳ ಜಗಳ ಏನೇ ಇರಲಿ, ಅಂಚನ್ನು ಬಿಡುವುದರ ಹಿಂದಿನ ತರ್ಕ ಹಳ್ಳಿಯ ಯಾವ ರೈತನಿಗೂ ಅರ್ಥವಾಗುತ್ತದೆ. ಹೊಳೆಗೆ ಮೈಚಾಚಲು ಜಾಗ ಬೇಕು. ನೆರೆ ಬಂದಾಗ ನೀರು ಹರಡಲು, ಇಳಿದಾಗ ನೆಲ ಅದನ್ನು ಹೀರಲು, ಮಣ್ಣನ್ನು ಹಿಡಿದಿಡುವ ಹೊಂಗೆ, ನೇರಳೆ, ಅತ್ತಿ, ಹೊಳೆಮತ್ತಿಗಳು ಬೇರೂರಲು ಆ ನೆಲ ಬೇಕು. ಅದೇ ನೆಲದಲ್ಲಿ ಮನುಷ್ಯರು ನಡೆದರೆ ಹೊಳೆಗೆ ಯಾವ ನಷ್ಟವೂ ಇಲ್ಲ.

ಆದರೆ ಉಳಿದಿರುವ ಈ ಅಂಚಿನ ಮೇಲೂ ಈಗ ರಸ್ತೆಯ ಕಣ್ಣು ಬಿದ್ದಿದೆ. ರಾಜ್ಯದ 2025-26ರ ಆಯವ್ಯಯದಲ್ಲಿ ಬೆಂಗಳೂರಿನ ಕಾಲುವೆಗಳ ಅಂಚಿನ ನೆಲವನ್ನು ಬಳಸಿಕೊಂಡು 3,000 ಕೋಟಿ ರೂಪಾಯಿ ವೆಚ್ಚದಲ್ಲಿ 300 ಕಿಲೋಮೀಟರ್ ರಸ್ತೆ ನಿರ್ಮಿಸುವುದಾಗಿ ಘೋಷಿಸಲಾಯಿತು. ವಾಹನ ದಟ್ಟಣೆ ತಗ್ಗುತ್ತದೆ, ಒತ್ತುವರಿ ನಿಲ್ಲುತ್ತದೆ ಎಂಬುದು ಇದರ ಪರವಾಗಿರುವ ವಾದ. ದಟ್ಟಣೆ ನಿಜ, ಒತ್ತುವರಿಯೂ ನಿಜ. ಆದರೆ ಖಾಸಗಿಯವರು ಒತ್ತಿಕೊಳ್ಳುತ್ತಾರೆಂದು ಸರ್ಕಾರವೇ ಮೊದಲು ಒತ್ತಿಕೊಂಡರೆ ಹೊಳೆಗೆ ಉಳಿಯುವುದೇನು? ಡಾಂಬರು ಹಾಕಿದ ದಂಡೆಯು ನೀರನ್ನು ಹೀರುವುದಿಲ್ಲ. ಅದರ ಮೇಲೆ ಮರ ಬೆಳೆಯುವುದಿಲ್ಲ. ಆ ರಸ್ತೆಯನ್ನು ದಾಟಿ ಹೊಳೆಯ ಬಳಿಗೆ ಹೋಗಲು ಯಾವ ತಾಯಿಯೂ ಮಗುವನ್ನು ಬಿಡುವುದಿಲ್ಲ. ಒತ್ತುವರಿಯನ್ನು ತಡೆಯಲು ರಸ್ತೆಯೇ ಬೇಕೆಂದಿಲ್ಲ; ಜನ ದಿನವೂ ನಡೆಯುವ ದಾರಿಯೊಂದಿದ್ದರೆ ಸಾಕು. ಎಲ್ಲರೂ ಓಡಾಡುವ ಜಾಗದಲ್ಲಿ ರಾತ್ರೋರಾತ್ರಿ ಗೋಡೆ ಎಬ್ಬಿಸುವುದು ಸುಲಭವಲ್ಲ ಎಂಬುದನ್ನು ಗೋಮಾಳ ಉಳಿಸಿಕೊಂಡ ಹಳ್ಳಿಗಳು ಬಲ್ಲವು.

ಸುರಕ್ಷತೆಯ ಮಾತೂ ಇದೆ. ಹೊಳೆ, ಕೆರೆಗಳ ಹತ್ತಿರ ಮಕ್ಕಳನ್ನು ಬಿಡಬಾರದು, ಎತ್ತರದ ಬೇಲಿ ಹಾಕಿ ಮುಚ್ಚುವುದೇ ಲೇಸು ಎನ್ನುವವರ ಕಳಕಳಿಯನ್ನು ಹಗುರವಾಗಿ ಕಾಣಲಾಗದು. 2024ರ ಅಕ್ಟೋಬರಿನಲ್ಲಿ ಕೆಂಗೇರಿ ಕೆರೆಯಲ್ಲಿ, ನೀರು ತರಲು ಹೋದ ಅಣ್ಣ-ತಂಗಿ ಇಬ್ಬರೂ ಮುಳುಗಿ ತೀರಿಕೊಂಡರು. ಮಹಾನಗರವೊಂದರಲ್ಲಿ ಮಕ್ಕಳು ಕೊಡ ಹಿಡಿದು ಕೆರೆಗೆ ಹೋಗಬೇಕಾಗಿತ್ತು ಎಂಬುದೇ ಮೊದಲ ಅನ್ಯಾಯ. ನಿರ್ಜನವಾದ ದಂಡೆಯಲ್ಲಿ ಜಾರಿದ ಮಗುವನ್ನು ನೋಡುವವರು ಇರುವುದಿಲ್ಲ ಎಂಬುದು ಎರಡನೆಯ ಪಾಠ. ಇಳಿಜಾರನ್ನು ತಗ್ಗಿಸಿ, ಆಳವಿರುವೆಡೆ ತಡೆ ಹಾಕಿ, ಹಿರಿಯರ ಓಡಾಟವಿರುವಂತೆ ಮಾಡಿದ ದಂಡೆಯೇ ಮಕ್ಕಳಿಗೆ ಹೆಚ್ಚು ಸುರಕ್ಷಿತ. ಬೇಲಿಯು ಅಪಾಯವನ್ನು ನೀಗುವುದಿಲ್ಲ, ಅದನ್ನು ಮರೆಮಾಡುತ್ತದೆ.

ಅಲಂಕಾರದ ಅಪಾಯ

ಹಾಗಾದರೆ ನದಿಯಂಚಿನಲ್ಲಿ ಒಂದು ಚಂದದ ಉದ್ಯಾನ ಮಾಡಿಬಿಡೋಣ ಎನ್ನುವ ಅಧಿಕಾರಿಗಳು, ಗುತ್ತಿಗೆದಾರರು ತಕ್ಷಣ ಸಿಗುತ್ತಾರೆ. ಎಚ್ಚರ ಬೇಕಾದದ್ದು ಇಲ್ಲಿಯೇ. ಗ್ರಾನೈಟ್ ಹಾಸು, ಬಣ್ಣದ ದೀಪ, ಕಾರಂಜಿ, ಗೇಟು, ಪ್ರವೇಶ ಶುಲ್ಕ: ಇವು ಬಂದಲ್ಲಿ ಕಾಡು ಹೋಗುತ್ತದೆ, ಬಡವರು ಹೊರಗುಳಿಯುತ್ತಾರೆ.

ಬೆಂಗಳೂರಿನ ನೈರುತ್ಯ ಅಂಚಿನ ತುರಹಳ್ಳಿ ಕಾಡಿನ ಪ್ರಸಂಗ ಇದಕ್ಕೆ ಸಾಕ್ಷಿ. ಕುರುಚಲು ಗಿಡ, ಬಂಡೆ, ನವಿಲುಗಳ ಆ ಕಾಡಿನಲ್ಲಿ ವೃಕ್ಷೋದ್ಯಾನ ನಿರ್ಮಿಸುವ ಯೋಜನೆಯನ್ನು ಅರಣ್ಯ ಇಲಾಖೆ ಮುಂದಿಟ್ಟಾಗ, 2021ರ ಫೆಬ್ರವರಿಯಲ್ಲಿ ಸುತ್ತಲಿನ ನಾಗರಿಕರು ಬೀದಿಗಿಳಿದರು. ಕಾಡು ಈಗಾಗಲೇ ಇದೆ, ಅದರೊಳಗೆ ಕಾಲುದಾರಿಗಳೂ ಇವೆ, ಇನ್ನು ಉದ್ಯಾನವೇಕೆ ಎಂಬುದು ಅವರ ನೇರ ಪ್ರಶ್ನೆಯಾಗಿತ್ತು. ವಿರೋಧದ ಮುಂದೆ ಯೋಜನೆ ಮುಂದುವರಿಯಲಿಲ್ಲ. ಕಾಡಿನಲ್ಲಿ ನಡೆಯುವವರೇ ಕಾಡಿನ ಪರವಾಗಿ ಮೊದಲು ಎದ್ದು ನಿಂತರು ಎಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಆ ಬಂಡೆಗಳ ನಡುವೆ ಎಂದೂ ಕಾಲಿಡದ ಜನರಾಗಿದ್ದರೆ ಬೀದಿಗೆ ಬರುತ್ತಿದ್ದರೇ?

ನದಿಗಳ ವಿಷಯದಲ್ಲಿ ದೇಶಕ್ಕೆ ಮಾದರಿಯೆಂದು ತೋರಿಸಲಾಗುವುದು ಅಹಮದಾಬಾದಿನ ಸಾಬರಮತಿ ದಂಡೆ. ಅಲ್ಲಿ ಕಾಂಕ್ರೀಟ್ ಗೋಡೆಗಳ ನಡುವೆ ತುಂಬಿ ನಿಂತಿರುವುದು ನರ್ಮದೆಯ ಕಾಲುವೆಯಿಂದ ತಂದ ನೀರು. ನಗರ ದಾಟಿದ ಮೇಲೆ ಸಾಬರಮತಿ ಮತ್ತೆ ಕೊಳಚೆಯನ್ನೇ ಹೊತ್ತು ಸಾಗುತ್ತದೆ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ 2003ರಿಂದ 2005ರ ಅವಧಿಯಲ್ಲಿ ಮೇಲ್ಸೇತುವೆಯ ಹೆದ್ದಾರಿಯೊಂದನ್ನು ಕೆಡವಿ, ಅದರಡಿ ಹೂತುಹೋಗಿದ್ದ ಚೊಂಗ್ಯೆಚೊನ್ ಎಂಬ ಹೊಳೆಯನ್ನು 5.8 ಕಿಲೋಮೀಟರ್ ಉದ್ದಕ್ಕೆ ತೆರೆದರು. ರಸ್ತೆಯನ್ನು ಕಿತ್ತು ಹೊಳೆಗೆ ಜಾಗ ಕೊಟ್ಟ ಧೈರ್ಯ ಅಲ್ಲಿಂದ ಕಲಿಯತಕ್ಕದ್ದು. ಆದರೆ ಅಲ್ಲಿಯೂ ಹರಿಯುವ ನೀರಿನ ಬಹುಪಾಲು ದೊಡ್ಡ ನದಿಯಿಂದ ಪಂಪು ಮಾಡಿ ಬಿಟ್ಟದ್ದು. ಬೆಂಗಳೂರು ರಸ್ತೆ ಕೀಳುವ ಪಾಠವನ್ನು ಬಿಟ್ಟು ಪಂಪು ಹಚ್ಚುವ ಪಾಠವನ್ನಷ್ಟೇ ಕಲಿತೀತು ಎಂಬುದು ನಿಜವಾದ ಭಯ. ಕೊಳಚೆಯನ್ನು ಕೊಳವೆಯಲ್ಲಿ ಮುಚ್ಚಿ ಬೈರಮಂಗಲದ ಕಡೆಗೆ ದಾಟಿಸಿ, ಮೇಲೆ ನೋಟಕ್ಕೆ ಒಂದಿಷ್ಟು ಶುದ್ಧ ನೀರು ಬಿಟ್ಟರೆ ಅದು ವೇಷವಾಗುತ್ತದೆಯೇ ಹೊರತು ನದಿಯಾಗುವುದಿಲ್ಲ. ಕೆಳಗಿನ ಹಳ್ಳಿಯವರ ಬದುಕು ಹಸನಾಗದೆ ಮೇಲಿನ ಬಡಾವಣೆಯವರ ವಿಹಾರ ನ್ಯಾಯವೆನಿಸದು.

ಜ್ಞಾನಭಾರತಿಯ ನೆರಳು

ಇಂಥ ನಡಿಗೆಯ ದಾರಿಗೆ ನಗರದಲ್ಲಿ ಜಾಗವೆಲ್ಲಿದೆ ಎಂದು ಕೇಳುವವರು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವನ್ನು ನೋಡಬೇಕು. ವೃಷಭಾವತಿ ಕಣಿವೆಯಲ್ಲಿ, ನಾಗರಬಾವಿಗೂ ಮೈಸೂರು ರಸ್ತೆಗೂ ನಡುವೆ, ಸಾವಿರಕ್ಕೂ ಹೆಚ್ಚು ಎಕರೆಯ ಈ ನೆಲವಿದೆ. ಒಂದು ಕಾಲಕ್ಕೆ ಬೋಳಾಗಿದ್ದ ಅದರ ದೊಡ್ಡ ಭಾಗದಲ್ಲಿ ಅಧ್ಯಾಪಕರು, ವಿದ್ಯಾರ್ಥಿಗಳು, ನೌಕರರು ವರ್ಷಗಟ್ಟಲೆ ಗಿಡ ನೆಟ್ಟು, ಒಡ್ಡು ಕಟ್ಟಿ, ನೀರಿಂಗಿಸಿ ಜೈವಿಕವನವನ್ನು ಬೆಳೆಸಿದ್ದಾರೆ. ವಿಜಯನಗರ, ನಾಗರಬಾವಿ, ಕೆಂಗೇರಿ ಕಡೆಯ ಜನ ಮುಂಜಾನೆ ಅಲ್ಲಿ ನಡೆಯುತ್ತಾರೆ. ಕಾಡು ಬೆಳೆಸುವುದು ನಗರದಲ್ಲಿ ಅಸಾಧ್ಯವೆನ್ನುವವರಿಗೆ ಅದೇ ಉತ್ತರ.

ಆದರೆ ಆ ನೆರಳಿಗೂ ನೆಮ್ಮದಿಯಿಲ್ಲ. ಆವರಣದ ನೆಲ ಹಂತಹಂತವಾಗಿ ಬೇರೆ ಬೇರೆ ಸಂಸ್ಥೆಗಳ ಪಾಲಾಗಿದೆ. ಆವರಣದ ರಸ್ತೆಗಳು ಹೊರಗಿನ ವಾಹನಗಳಿಗೆ ಅಡ್ಡದಾರಿಯಾದವು. 2022ರ ಅಕ್ಟೋಬರಿನಲ್ಲಿ ಆವರಣದೊಳಗೆ ಬಸ್ಸಿಗೆ ಸಿಲುಕಿದ ವಿದ್ಯಾರ್ಥಿನಿಯೊಬ್ಬಳು ಬಳಿಕ ತೀರಿಕೊಂಡಳು. ಹೊರವಾಹನಗಳನ್ನು ತಡೆಯಿರೆಂದು ವಿದ್ಯಾರ್ಥಿಗಳು ಧರಣಿ ಕುಳಿತರು. ಓದಲು ಬಂದ ಹೆಣ್ಣುಮಗಳಿಗೆ ಮರದ ನೆರಳಿನಲ್ಲಿ ನಡೆದು ತರಗತಿ ಸೇರುವ ಹಕ್ಕು ಇದೆಯೇ, ಇಲ್ಲವೇ ಎಂಬುದು ಆ ಧರಣಿ ಎತ್ತಿದ ಪ್ರಶ್ನೆ. ಹೊಳೆಯ ದಂಡೆಯ ವಿಷಯದಲ್ಲಿ ಎತ್ತಬೇಕಾದದ್ದೂ ಅದೇ ಪ್ರಶ್ನೆ.

2021ರ ಆಗಸ್ಟಿನಿಂದ ಕೆಂಗೇರಿಯವರೆಗೆ ಮೆಟ್ರೋ ರೈಲು ಓಡುತ್ತಿದೆ. ಜ್ಞಾನಭಾರತಿಯ ಹೆಸರಿನದೇ ಒಂದು ನಿಲ್ದಾಣವಿದೆ. ನಗರದ ಯಾವ ಮೂಲೆಯಿಂದಲಾದರೂ ಕಾರಿಲ್ಲದ ಕುಟುಂಬವೊಂದು ಬಂದು ಇಳಿಯಬಹುದು. ಕಾಡಿದೆ, ಕಣಿವೆಯಿದೆ, ರೈಲಿದೆ. ಇಲ್ಲದಿರುವುದು ಒಂದೇ: ಹತ್ತಿರ ಹೋಗಬಹುದಾದ ನೀರು.

ಮಲೆನಾಡಿಗೆ ಇದೇಕೆ?

ಬೆಂಗಳೂರಿನ ಮೋರಿಯ ಉಸಾಬರಿ ಗುಡ್ಡಗಾಡಿನವರಿಗೇಕೆ ಎಂದು ಕೇಳುವುದು ಸಹಜ. ಉತ್ತರವೂ ಅಷ್ಟೇ ಸಹಜವಾದದ್ದು. ಮನೆಯ ಹೊಳೆಯನ್ನು ಕೊಂದ ಊರು ನೆರೆಮನೆಯ ಹೊಳೆಯನ್ನು ಕೇಳುತ್ತದೆ. ಅದೂ ಸಾಲದಾದಾಗ ಗುಡ್ಡದಾಚೆಯ ಹೊಳೆಗೆ ಕೈಚಾಚುತ್ತದೆ. 2019ರಲ್ಲಿ ಲಿಂಗನಮಕ್ಕಿಯಿಂದ ಸುಮಾರು 400 ಕಿಲೋಮೀಟರ್ ದೂರದ ಬೆಂಗಳೂರಿಗೆ ಶರಾವತಿಯನ್ನು ಒಯ್ಯುವ ಮಾತು ಸರ್ಕಾರದಿಂದಲೇ ಬಂದಾಗ ಶಿವಮೊಗ್ಗ ಜಿಲ್ಲೆಯೇ ಎದ್ದು ನಿಂತಿತು. ಮುಳುಗಡೆಯ ನೋವನ್ನು ಬರೆದ ಸಾಹಿತಿ ನಾ. ಡಿಸೋಜ ಅವರಂಥ ಹಿರಿಯರು ಆ ಹೋರಾಟದ ಮುಂಚೂಣಿಯಲ್ಲಿದ್ದರು. ಜುಲೈ 10ರಂದು ಜಿಲ್ಲೆ ಬಂದ್ ಆಯಿತು. ವಿದ್ಯುತ್ತಿಗಾಗಿ ಒಮ್ಮೆ ಮನೆಮಠ ಮುಳುಗಿಸಿಕೊಂಡವರನ್ನು ಮತ್ತೊಮ್ಮೆ ನೀರಿಗಾಗಿ ಕೇಳಲಾಗಿತ್ತು. ಬಯಲುಸೀಮೆಯ ಜಿಲ್ಲೆಗಳ ಬಾಯಾರಿಕೆಯ ಹೆಸರಿನಲ್ಲಿ ಸಕಲೇಶಪುರದ ಕಾಡುಗಳನ್ನು ಸೀಳಿದ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಬಯಲಿನ ಬಾಯಾರಿಕೆ ಸುಳ್ಳಲ್ಲ. ಆದರೆ ರಾಜಧಾನಿಯಲ್ಲಿ ದಿನವೂ ಹೊಲಸಾಗಿ ಹರಿದುಹೋಗುವ ನೀರಿನ ಲೆಕ್ಕವನ್ನು ಕೇಳದೆ ಘಟ್ಟದ ಹಳ್ಳಗಳನ್ನು ಮಾತ್ರ ಎಣಿಸುವುದು ಯಾವ ನ್ಯಾಯ? ಆದ್ದರಿಂದ ವೃಷಭಾವತಿಯ ದಂಡೆಯಲ್ಲಿ ಮಗುವೊಂದು ನಡೆಯುವಂತಾದರೆ ಅದು ಶರಾವತಿಗೂ ಸಿಕ್ಕ ರಕ್ಷಣೆಯೇ.

ಮಲೆನಾಡು ಬೀಗುವಂತೆಯೂ ಇಲ್ಲ. ಶಿವಮೊಗ್ಗ ನಗರದ ಕೊಳಚೆ ತುಂಗೆಗೆ ಸೇರುತ್ತಿರುವುದು ಎಲ್ಲರೂ ಬಲ್ಲ ಸಂಗತಿ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊರಟ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆಯ ಕೂಗು ಇದೇ ಆಗಿತ್ತು. ಈ ಸೀಮೆಗೆ ನಡಿಗೆಯೆಂದರೆ ಹೊಸದಲ್ಲ. 1983ರಲ್ಲಿ ಸಲ್ಕಣಿಯ ಜನ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡರು. 1987ರ ನವೆಂಬರಿನಿಂದ 1988ರ ಫೆಬ್ರವರಿಯವರೆಗೆ ಪಶ್ಚಿಮಘಟ್ಟ ಉಳಿಸಿ ಪಾದಯಾತ್ರೆ ನಡೆಯಿತು. ಉತ್ತರದಿಂದಲೂ ದಕ್ಷಿಣದಿಂದಲೂ ಹೊರಟವರು ಗೋವೆಯಲ್ಲಿ ಕೂಡಿದರು. ಕಾಲಿನಿಂದ ಅಳೆದ ನೆಲವನ್ನು ಬಾಯಿಂದ ಬಿಟ್ಟುಕೊಡುವುದು ಕಷ್ಟ ಎಂಬ ತಿಳಿವು ಆ ನಡಿಗೆಗಳ ಗಳಿಕೆ.

ಕೇಳಬೇಕಾದದ್ದು

ಹೈಕೋರ್ಟಿನಲ್ಲಿ ವೃಷಭಾವತಿಯ ಪ್ರಶ್ನೆ ಬಂದಾಗ, ಪುನಶ್ಚೇತನದ ಅಧ್ಯಯನವನ್ನು 2021ರಲ್ಲಿ ನೀರಿ ಸಂಸ್ಥೆಗೆ ವಹಿಸಲಾಯಿತು. ಅಧ್ಯಯನಗಳಿಗೆ ಕೊರತೆಯಿಲ್ಲ, ಕೊರತೆಯಿರುವುದು ಒತ್ತಾಯಕ್ಕೆ. ಕೇಳಬೇಕಾದದ್ದು ಸರಳವಾಗಿದೆ. ಮೊದಲನೆಯದಾಗಿ, ಹೊಳೆಗೆ ಬಾಯಿ ತೆರೆದ ಪ್ರತಿಯೊಂದು ಕೊಳಚೆ ಕೊಳವೆಯನ್ನೂ ಕಾರ್ಖಾನೆಯ ನಾಲೆಯನ್ನೂ ಗುರುತಿಸಿ, ಅವುಗಳ ಪಟ್ಟಿಯನ್ನು ಕನ್ನಡದಲ್ಲಿ ವಾರ್ಡುವಾರು ಪ್ರಕಟಿಸಿ, ಒಂದೊಂದಾಗಿ ಮುಚ್ಚಬೇಕು. ಎರಡನೆಯದಾಗಿ, ಕಾಲುವೆಯಂಚಿನ ರಸ್ತೆಗಳ ಯೋಜನೆಯಿಂದ ವೃಷಭಾವತಿಯ ಎರಡೂ ದಂಡೆಗಳನ್ನು ಹೊರಗಿಡಬೇಕು. ಮೂರನೆಯದಾಗಿ, ಸಂಸ್ಕರಿಸಿದ ನೀರನ್ನು ನೆಲಮಂಗಲ, ತುಮಕೂರುಗಳ ಕಡೆಯ ಕೆರೆಗಳಿಗೆ ಒಯ್ಯುವಾಗ ಹೊಳೆಗೂ ಅದರ ಪಾಲನ್ನು ಬಿಡಬೇಕು. ಮೇವು, ತರಕಾರಿಗೆ ಹಾನಿಯಾಗದಷ್ಟು ಶುದ್ಧವಾದ ನೀರು ಬೈರಮಂಗಲವನ್ನು ತಲುಪಬೇಕು. ನಾಲ್ಕನೆಯದಾಗಿ, ಜ್ಞಾನಭಾರತಿಯ ಕಾಡನ್ನು ಇನ್ನು ಒಂದು ಎಕರೆಯೂ ತುಂಡರಿಸದೆ, ಅಲ್ಲಿಂದ ಕೆಂಗೇರಿಯ ಕಡೆಗೆ ಹೊಳೆಯ ಎರಡೂ ಬದಿಯಲ್ಲಿ ಮಣ್ಣಿನ ಕಾಲುದಾರಿ ಬಿಟ್ಟು, ಸ್ಥಳೀಯ ಮರಗಳನ್ನು ನೆಡಬೇಕು. ಗೇಟು ಬೇಡ, ಟಿಕೆಟು ಬೇಡ, ದೀಪಾಲಂಕಾರ ಬೇಡ. ಕುಳಿತುಕೊಳ್ಳಲು ಅಲ್ಲಲ್ಲಿ ಒಂದು ಕಲ್ಲುಬೆಂಚು, ಗಾಲಿಕುರ್ಚಿಯವರೂ ಬರುವಂತೆ ಸಮನಾದ ಒಂದಿಷ್ಟು ದೂರ, ಹೆಂಗಸರಿಗೆ ಒಂದು ಶೌಚಾಲಯ ಇದ್ದರೆ ಸಾಕು. ಕೆಲಸದ ಕ್ರಮವೂ ಇದೇ ಇರಬೇಕು: ಮೊದಲು ನೀರು, ಆಮೇಲೆ ಮರ, ಕೊನೆಗೆ ದಾರಿ. ದಾರಿಯನ್ನು ಮೊದಲು ಮಾಡಿ ನೀರನ್ನು ಮರೆಯುವ ಗುತ್ತಿಗೆಗೆ ಒಪ್ಪಲಾಗದು.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ಒಂದರ ಬದಲು ಐದು ಪಾಲಿಕೆಗಳಾದವು. ಪಶ್ಚಿಮ ಭಾಗಕ್ಕೂ ತನ್ನದೇ ಪಾಲಿಕೆ ಬಂದಿತು. ಕಚೇರಿಗಳು ಹೆಚ್ಚಾದಾಗ ಹೊಣೆಯನ್ನು ಒಬ್ಬರು ಇನ್ನೊಬ್ಬರ ಮೇಲೆ ಹಾಕುವುದೂ ಹೆಚ್ಚುತ್ತದೆ. ಹೊಳೆ ಮಾತ್ರ ಯಾವ ಗಡಿಯನ್ನೂ ಕೇಳದೆ ಹರಿಯುತ್ತದೆ. ಮತ ಕೇಳಲು ಬಂದವರನ್ನು ಪಶ್ಚಿಮ ಬೆಂಗಳೂರಿನ ಮತದಾರರು ವೃಷಭಾವತಿಯ ಸೇತುವೆಯ ಮೇಲೆ ಹತ್ತು ನಿಮಿಷ ನಿಲ್ಲಿಸಿ ಮಾತನಾಡಿಸಲಿ. ಬೆಂಗಳೂರಿನಲ್ಲಿ ಓದುತ್ತಿರುವ ಮಲೆನಾಡಿನ ಮಕ್ಕಳು ಒಂದು ಭಾನುವಾರ ನಾಯಂಡಹಳ್ಳಿಯಿಂದ ಕೆಂಗೇರಿಯವರೆಗೆ, ಹೋಗಬಹುದಾದಷ್ಟು ದೂರ, ಈ ಹೊಳೆಯ ಬದಿಯಲ್ಲಿ ನಡೆದು, ಕೊಳವೆಗಳನ್ನು ಎಣಿಸಿ, ಆ ಲೆಕ್ಕವನ್ನು ಊರಿಗೆ ತರಲಿ. ಶರಾವತಿಯ ಮಾತು ಮುಂದೆ ಮತ್ತೆ ಎದ್ದಾಗ ಸರ್ಕಾರದ ಮುಂದಿಡಬೇಕಾದ ಮೊದಲ ಕಾಗದ ಆ ಲೆಕ್ಕವೇ.